ಹಿಕರಿ ಮರದ ಅಟ್ಟಣೆ

ನವೆಂಬರ್ 22, ಶನಿವಾರ. ಜಿಂಕೆ ಬೇಟೆಯ ಬಂದೂಕು ಋತುವಿನ ಮೊದಲ ದಿನ. ವಿಸ್ಕಾನ್ಸಿನ್‌ನ ಬ್ಲೂಸ್ಟೋನ್ ಕೌಂಟಿ ಶೆರಿಫ್ ಕಚೇರಿಯ ದಿನಚರಿಯಲ್ಲಿ ಬೆಳಗ್ಗೆ 6.58ಕ್ಕೆ ಒಂದು ನಮೂದು ಬಿದ್ದಿತ್ತು. ಕ್ವಾಮ್ ಜಮೀನಿನ ಗುಡ್ಡದಲ್ಲಿ ಗೇಲನ್ ಒಪ್ಸಾಲ್, ವಯಸ್ಸು 53, ಅಟ್ಟಣೆಯಿಂದ ಬಿದ್ದು ತೀವ್ರ ಗಾಯ, ಆಂಬುಲೆನ್ಸ್ ಕಳಿಸಲಾಗಿದೆ, ಆಕಸ್ಮಿಕ.

ಆ ಕೊನೆಯ ಪದವನ್ನು ಬರೆದವರದ್ದು ತಪ್ಪೆನ್ನಲಾಗದು. ಋತು ಶುರುವಾದರೆ ಪ್ರತಿವರ್ಷ ಇಬ್ಬರೋ ಮೂವರೋ ಮರಕ್ಕೆ ಬಿಗಿದ ಒಂದಾಳಿನ ಅಟ್ಟಣೆಯಿಂದ ಬೀಳುವುದು ಇದ್ದದ್ದೇ.

ಹನ್ನೊಂದು ಇಪ್ಪತ್ತಕ್ಕೆ ಗೇಲನ್‌ನ ಹೆಂಡತಿ ಕೊರೀನ್ ಕಚೇರಿಗೆ ಬಂದಳು. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು. ರಾತ್ರಿ ಉಡುಪಿನ ಮೇಲೆ ಗಂಡನ ಕೋಟು ತೊಟ್ಟಿದ್ದಳು. ಬ್ರೆಡ್ಡಿನ ಪ್ಲಾಸ್ಟಿಕ್ ಚೀಲವೊಂದನ್ನು ತನಿಖಾಧಿಕಾರಿ ಮಾರ್ಲಿಸ್ ಬ್ರೆಕ್ ಮುಂದೆ ಇಟ್ಟಳು. ಒಳಗೆ ಎರಡು ಬೆರಳಗಲದ ಹಸಿರು ನೈಲಾನ್ ಪಟ್ಟಿಯ ತುಂಡು.

"ಇದನ್ನ ನೋಡು ಮಾರ್ಲಿಸ್. ಅಟ್ಟಣೇನ ಮರಕ್ಕೆ ಬಿಗಿಯೋ ಪಟ್ಟಿ."

ಮಾರ್ಲಿಸ್ ಚೀಲವನ್ನು ಬೆಳಕಿಗೆ ಹಿಡಿದಳು. ಪಟ್ಟಿಯ ಮುಕ್ಕಾಲು ಅಗಲ ಬ್ಲೇಡಿನಿಂದ ಸೀಳಿದಷ್ಟು ನೇರವಾಗಿತ್ತು. ಉಳಿದ ಕಾಲು ಭಾಗದಲ್ಲಿ ಮಾತ್ರ ಎಳೆಗಳು ಹಿಗ್ಗಿ ಹರಿದಿದ್ದವು.

"ನಿನ್ನ ಕೈಗೆ ಹೇಗೆ ಬಂತು?"

"ಪಕ್ಕದ ಜಮೀನಿನ ಲೈಲ್ ಜಾಸ್ಟ್ರೋ ಕೊಟ್ಟ. ಗೇಲನ್ ಬಿದ್ದಿದ್ದನ್ನ ಮೊದಲು ನೋಡಿದ್ದು ಅವನೇ."

"ಅಲ್ಲಿಂದ ಏನೂ ಎತ್ತಬಾರದು ಅನ್ನೋದು ಆ ಮುದುಕನಿಗೆ ಗೊತ್ತಿಲ್ವಾ?"

"ಎತ್ತದೆ ಇದ್ದಿದ್ರೆ ನಿಮ್ಮೋರು ಆಕಸ್ಮಿಕ ಅಂತ ಬರ್ಕೊಂಡು ಕಾಫಿ ಕುಡಿಯೋಕೆ ಹೋಗ್ತಿದ್ರು."

ಮಾರ್ಲಿಸ್ ದೂರಿನ ನಮೂನೆ ತೆಗೆದು ಹೆಸರು, ಸಮಯ, ಸ್ಥಳ ಬರೆದುಕೊಂಡಳು. ಗೇಲನ್‌ನ ಬೆನ್ನುಮೂಳೆ ಎರಡು ಕಡೆ ಮುರಿದಿತ್ತು. ಬದುಕುತ್ತಾನೆ, ನಡೆಯುತ್ತಾನೋ ಇಲ್ಲವೋ ಹೇಳಲಾಗದು ಎಂದು ವೈದ್ಯರು ಹೇಳಿದ್ದರು.

"ಅವನ ಮೇಲೆ ಯಾರಿಗಾದ್ರೂ ದ್ವೇಷ?"

"ಲೈಲ್ ಜೊತೆ ಬೇಲಿ ಜಗಳ ಇತ್ತು. ಆದ್ರೆ ಕೊಲ್ಲೋ ಅಂಥದ್ದಲ್ಲ." ಕೊರೀನ್ ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡಳು. "ಅವನನ್ನ ಕಂಡ್ರೆ ಎಲ್ರಿಗೂ ಇಷ್ಟ."

ಎಲ್ಲರಿಗೂ ಇಷ್ಟವಾದವನ ಅಟ್ಟಣೆಯ ಪಟ್ಟಿಯನ್ನು ಯಾರೋ ಒಬ್ಬರು ಕತ್ತರಿಸಿದ್ದರು. ಮಾರ್ಲಿಸ್ ಚೀಲಕ್ಕೆ ಮೊಹರು ಹಾಕಿ ಡೆಪ್ಯುಟಿ ಟೂ ಮೌವಾನನ್ನು ಕರೆದಳು.

ಮಧ್ಯಾಹ್ನ 1.05ಕ್ಕೆ ಇಬ್ಬರೂ ಗುಡ್ಡ ಹತ್ತಿದರು. ಮೌವಾಗೆ ಮೂವತ್ತನಾಲ್ಕು. ಅಪ್ಪ ಚಿಕ್ಕಪ್ಪಂದಿರ ಜೊತೆ ಆ ಕಾಡುಗಳಲ್ಲೇ ಬೇಟೆ ಕಲಿತವನು. ಈ ದಿನ ರಜೆ ಹಾಕಲಾಗದೆ ಸಮವಸ್ತ್ರದಲ್ಲಿ ಸಿಕ್ಕಿಕೊಂಡದ್ದಕ್ಕೆ ಬೆಳಗ್ಗೆಯಿಂದ ಮುಖ ಊದಿಸಿಕೊಂಡಿದ್ದ.

ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಜಿಂಕೆಗಳ ಜಾಡು ಹಾದುಹೋಗುತ್ತಿತ್ತು. ಅದರ ಆಗ್ನೇಯಕ್ಕೆ ಒಂದು ದೊಡ್ಡ ಬಿಳಿ ಓಕ್. ಗೇಲನ್ ಒಂಬತ್ತು ವರ್ಷದಿಂದ ಕೂರುತ್ತಿದ್ದ ಮರ ಅದೇ ಎಂಬುದು ಊರಿಗೆಲ್ಲ ಗೊತ್ತು. ಅದರ ಮೇಲಿನ ಅಟ್ಟಣೆ ಹಾಗೇ ಇತ್ತು, ಪಟ್ಟಿಗಳೂ ಗಟ್ಟಿಯಾಗಿದ್ದವು. ಗೇಲನ್ ಬಿದ್ದದ್ದು ಅಲ್ಲಲ್ಲ; ಜಾಡಿನ ಆಚೆಗೆ, ವಾಯವ್ಯದ ಇಳಿಜಾರಿನಲ್ಲಿದ್ದ ಕವಲೊಡೆದ ಒಂದು ಹಿಕರಿ ಮರದಿಂದ, ಹದಿನೆಂಟು ಅಡಿ ಕೆಳಕ್ಕೆ.

"ಮರ ಯಾಕೆ ಬದಲಾಯಿಸಿದ?" ಮಾರ್ಲಿಸ್ ಕೇಳಿದಳು.

ಮೌವಾ ಸುತ್ತ ಒಮ್ಮೆ ತಿರುಗಿ ನೋಡಿದ. ಊದಿದ ಮುಖ ಇಳಿಯಿತು.

"ಗಾಳಿ. ಇಲ್ಲಿ ಯಾವಾಗ್ಲೂ ವಾಯವ್ಯದ ಗಾಳಿ, ಅದಕ್ಕೆ ಓಕ್ ಸರಿ. ಇವತ್ತು ಆಗ್ನೇಯದಿಂದ ಬೀಸ್ತಿದೆ. ಓಕ್ ಮೇಲೆ ಕೂತ್ರೆ ಮನುಷ್ಯನ ವಾಸನೆ ಎಲ್ಲಾ ಜಾಡಿಗೇ ಹೋಗುತ್ತೆ. ಅದಕ್ಕೆ ಆಚೆ ಕಡೆ ಬರ್ಬೇಕು. ಆದ್ರೆ ಆಚೆ ಬಂದ್ರೆ ಹುಟ್ಟೋ ಸೂರ್ಯ ಕಣ್ಣಿಗೇ ಹೊಡೀತಾನೆ." ಅವನು ಹಿಕರಿಯ ಮುಂದೆ ನಿಂತಿದ್ದ ಪೈನ್ ಮರವನ್ನು ತೋರಿಸಿದ. "ಈ ಇಳಿಜಾರಲ್ಲಿ ಬಿಸಿಲಿಗೆ ಮರೆ ಇರೋದು ಇದೊಂದೇ ಮರಕ್ಕೆ. ಕೆಳಗೆ ಹಳ್ಳ. ಹಳ್ಳದೊಳಗೇ ನಡ್ಕೊಂಡು ಬಂದ್ರೆ ಜಾಡು ದಾಟೋ ಅಗತ್ಯಾನೇ ಇಲ್ಲ. ಅಬ್ಬಾ. ನನಗಾಗಿದ್ರೆ ಈ ಮರ ಹುಡುಕೋಕೆ ಮೂರು ವರ್ಷ ಬೇಕಿತ್ತು."

"ಹೊಟ್ಟೆಕಿಚ್ಚಾ?"

"ಸ್ವಲ್ಪ," ಎಂದು ಮೌವಾ ನಕ್ಕ.

ಸ್ಥಳ ಪರಿಶೀಲನೆಗೆ ಮೂರು ಗಂಟೆ ಹಿಡಿಯಿತು. ಅಟ್ಟಣೆ ಒಂದೇ ಪಟ್ಟಿಯಲ್ಲಿ ಜೋತಾಡುತ್ತಿತ್ತು. ರಕ್ಷಣಾ ಹಗ್ಗ ಮೇಲೆ ಕಟ್ಟಿಯೇ ಇತ್ತು. ಗೇಲನ್ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮೊದಲೇ ಹಲಗೆಯ ಮೇಲೆ ಕಾಲಿಟ್ಟಿದ್ದ. ಗುರುವಾರ ಬೆಳಗ್ಗೆ ಬಿದ್ದ ಹಿಮ ಆ ನೆರಳಿನಲ್ಲಿ ಇನ್ನೂ ಕರಗಿರಲಿಲ್ಲವಾದರೂ ಮರದ ಬುಡವನ್ನು ಆಂಬುಲೆನ್ಸ್‌ನವರು ತುಳಿದು ಹಾಕಿದ್ದರು. ಹಳ್ಳದ ಕೆಸರಿನಲ್ಲಿ ಮಾತ್ರ ಎರಡು ಗುರುತು ಸಿಕ್ಕಿದವು. ಒಂದು, ಬೂಟಿನ ಹೆಪ್ಪುಗಟ್ಟಿದ ಅಚ್ಚು. ಅದು ಗೇಲನ್‌ನ ಬೂಟಿನದ್ದಲ್ಲ. ಇನ್ನೊಂದು, ಅದರ ಪಕ್ಕದಲ್ಲೇ ಭಾರವಾದ ಏನನ್ನೋ ಇಳಿಸಿಟ್ಟಂಥ ಚೌಕಾಕಾರದ ತಗ್ಗು. ಎರಡರ ಅಚ್ಚನ್ನೂ ತೆಗೆದುಕೊಂಡರು. ಚೌಕದ ಅರ್ಥ ಇಬ್ಬರಿಗೂ ಹೊಳೆಯಲಿಲ್ಲ.

ಸಂಜೆ ಲೈಲ್ ಜಾಸ್ಟ್ರೋನ ವಿಚಾರಣೆ. ಎಪ್ಪತ್ತೊಂದು ವರ್ಷದ ಒಣಕಲು ಮನುಷ್ಯ. ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಮಾತಾಡಿದ.

"ಬೇಲಿ ಜಗಳ ಇತ್ತಂತೆ?"

"ಇತ್ತು. ಇವತ್ತೂ ಇದೆ. ಅವನ ಅಟ್ಟಣೆ ನನ್ನ ಹೊಲಕ್ಕೆ ಮುಖ ಮಾಡಿತ್ತು."

"ಬೆಳಗ್ಗೆ ಏನು ಕೇಳಿಸ್ತು?"

"ಕಿರುಚಿದ್ದು. ಓಡಿದೆ."

"ಎಲ್ಲಿಗೆ?"

"ಓಕ್ ಮರಕ್ಕೆ. ಇನ್ನೆಲ್ಲಿಗೆ? ಅಲ್ಲಿ ಹೋಗಿ ನೋಡಿದ್ರೆ ಯಾರೂ ಇಲ್ಲ. ನರಳೋ ಸದ್ದು ಹಿಡ್ಕೊಂಡು ಆಚೆ ಹೋದೆ. ನಾನೇ ಮಾಡಿದ್ದು ಅಂತ ನಿನಗೆ ಅನ್ಸಿದ್ರೆ ಕೈಗೆ ಬೇಡಿ ಹಾಕು, ಆದ್ರೆ ನನ್ನ ಹಸುಗಳಿಗೆ ಹುಲ್ಲು ಹಾಕೋಕೆ ಈ ಡೆಪ್ಯುಟೀನ ಬಿಟ್ಟು ಹೋಗು."

ಹಿಮದ ಮೇಲಿನ ಅವನ ಹೆಜ್ಜೆಗಳ ಚಿತ್ರವನ್ನು ಮೌವಾ ಆಗಲೇ ತೆಗೆದಿದ್ದ. ಆ ಹೆಜ್ಜೆಗಳು ಬೇಲಿಯಿಂದ ನೇರ ಓಕ್ ಮರಕ್ಕೆ ಹೋಗಿ, ಅಲ್ಲಿ ಎರಡು ಸುತ್ತು ಹಾಕಿ, ಆಮೇಲೆ ಹಿಕರಿಯ ಕಡೆ ತಿರುಗಿದ್ದವು. ಗೇಲನ್ ಮರ ಬದಲಾಯಿಸಿದ್ದು ಈತನಿಗೆ ತಿಳಿದಿರಲಿಲ್ಲ.

"ಹಾಗಾದ್ರೆ ಯಾರಿಗೆ ತಿಳಿದಿತ್ತು ಅನ್ನೋದೇ ಕೇಸು," ಎಂದಳು ಮಾರ್ಲಿಸ್, ಜೀಪಿನಲ್ಲಿ.

ನವೆಂಬರ್ 23, ಭಾನುವಾರ, ಬೆಳಗ್ಗೆ 10. ಗುಡ್ಡದ ಕೆಳಗಿನ ಕ್ವಾಮ್ ಮನೆ. ಅಡುಗೆಮನೆಯಲ್ಲಿ ಮನೆಯ ಯಜಮಾನ ಆರ್ವಿಡ್ ಕ್ವಾಮ್, ಎಂಬತ್ಮೂರು, ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದ. ಕೊರೀನ್ ಅವನ ಮಗಳು, ಗೇಲನ್ ಅಳಿಯ. ಮಗ ವೆಂಡೆಲ್, ಐವತ್ನಾಲ್ಕು, ಅಪ್ಪನ ಜೊತೆ ಇದ್ದು ಹೊಲ ನೋಡಿಕೊಳ್ಳುತ್ತಿದ್ದ. ಶಾಲೆಯಲ್ಲಿ ಮಾರ್ಲಿಸ್‌ಗಿಂತ ಒಂದು ವರ್ಷ ಹಿಂದಿದ್ದವನು. ಅವನೇ ಕಾಫಿ ಬಗ್ಗಿಸಿದ, ಬೆಣ್ಣೆ ಸಕ್ಕರೆ ಸವರಿದ ಲೆಫ್ಸೆ ರೊಟ್ಟಿಗಳನ್ನು ಸುತ್ತಿ ತಟ್ಟೆಯಲ್ಲಿಟ್ಟ.

ಗೋಡೆಯ ತುಂಬ ಕೊಂಬುಗಳು. ಪ್ರತಿಯೊಂದರ ಕೆಳಗೂ ಹಿತ್ತಾಳೆ ಫಲಕದಲ್ಲಿ ವರ್ಷ, ಹೆಸರು. ಹದಿನೇಳು ಫಲಕಗಳಲ್ಲಿ ಆರ್ವಿಡ್, ಎಂಟು ಫಲಕಗಳಲ್ಲಿ ಗೇಲನ್. ವೆಂಡೆಲ್‌ನ ಹೆಸರನ್ನು ಮಾರ್ಲಿಸ್ ಹುಡುಕಬೇಕಾಯಿತು. ಬಾಗಿಲ ಹಿಂದೆ ಕೋಟು ತೂಗುಹಾಕುವ ಗೂಟದ ಪಕ್ಕ ಒಂದು ಇತ್ತು. ಕೋಟು ತಗುಲಿಸಲು ಅದನ್ನೂ ಬಳಸುತ್ತಿದ್ದರು.

"ಗೇಲನ್ ಮರ ಬದಲಾಯಿಸಿದ್ದು ನಿಮಗೆ ಗೊತ್ತಿತ್ತಾ, ಆರ್ವಿಡ್?"

"ಇಲ್ಲ. ಆದ್ರೆ ಗಾಳಿ ತಿರುಗಿದಾಗ ಅವನು ಬದಲಾಯಿಸೇ ಬದಲಾಯಿಸ್ತಾನೆ. ಪುಸ್ತಕ ಓದೋ ಹಾಗೆ ಕಾಡು ಓದ್ತಾನೆ ಕಣಮ್ಮಾ. ಹೊರಗಿಂದ ಬಂದೋನು. ನಾನು ಒಂದು ಸಲ ತೋರಿಸಿದ್ದು ಅವನಿಗೆ ಸಾಕಾಯ್ತು." ಮುದುಕ ಕಪ್ಪಿನ ಅಂಚಿನಿಂದ ಮಗನ ಕಡೆ ನೋಡಿದ. "ನಮ್ಮ ಈ ಧಣಿ ಕೂತ ಕಡೆ ಅಳಿಲು ಕೂಡ ವಿಚಾರಿಸ್ಕೊಂಡು ಹೋಗಲ್ಲ."

ವೆಂಡೆಲ್ ನಕ್ಕ. ಆ ನಗೆಗೆ ಎಷ್ಟೋ ವರ್ಷದ ಅಭ್ಯಾಸವಿತ್ತು.

"ಈ ಸಲ ನಿನ್ನ ಅಟ್ಟಣೆ ಎಲ್ಲಿತ್ತು ವೆಂಡೆಲ್?"

"ಪೂರ್ವದ ಅಂಚಲ್ಲಿ."

"ನೀನೇ ಆರಿಸಿದ್ದಾ?"

ಉತ್ತರ ಕೊಟ್ಟದ್ದು ಅಪ್ಪ. "ಅಕ್ಟೋಬರ್‌ನಲ್ಲಿ ಇವನೇ ಒಂದು ಕಡೆ ಕಟ್ಟಿ ಬಂದ. ಗೇಲನ್‌ನ ಕೇಳು ಅಂದೆ. ಗೇಲನ್ ಬಂದು ನೋಡಿ ನಲವತ್ತು ಹೆಜ್ಜೆ ಆಚೆ ಇಡಿಸಿದ. ಇಲ್ಲಾಂದ್ರೆ ಇವನು ಋತು ಪೂರ್ತಿ ರಸ್ತೆ ನೋಡ್ಕೊಂಡು ಕೂತಿರ್ತಿದ್ದ."

ವೆಂಡೆಲ್ ಮತ್ತೆ ಕಾಫಿ ಬಗ್ಗಿಸಿದ. ಕಪ್ಪು ತುಂಬಿ ತಟ್ಟೆಗೆ ಚೆಲ್ಲಿತು. ಅವನು ಬಟ್ಟೆ ತಂದು ನಿಧಾನವಾಗಿ, ಮೂಲೆ ಮೂಲೆ ಒರೆಸಿದ.

ಮಾರ್ಲಿಸ್‌ಗೆ ಆ ಒರೆಸುವಿಕೆ ಪರಿಚಯದ್ದು. ಋತು ಬಂದಾಗಲೆಲ್ಲ ತಂದೆ ಅವಳ ತಮ್ಮನನ್ನು ಕಾಡಿಗೆ ಕರೆದೊಯ್ಯುತ್ತಿದ್ದರು. ಗುರಿಯಲ್ಲಿ ಅವನಿಗಿಂತ ಮೇಲಾಗಿದ್ದ ಅವಳು ಮನೆಯಲ್ಲಿ ಬುತ್ತಿ ಕಟ್ಟುತ್ತಿದ್ದಳು. ಇಂದಿಗೂ ಆ ತಮ್ಮ ಬೇಟೆಯ ಸುದ್ದಿ ಎತ್ತಿದರೆ ಅವಳು ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ಅಲ್ಲಿ ಕೂತು ಅದೆಲ್ಲ ನೆನಪಾದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ನೆನಪು ಸಾಕ್ಷ್ಯವಲ್ಲ.

ಹೊರಡುವಾಗ, ವೆಂಡೆಲ್ ಕೊಟ್ಟಿಗೆಗೆ ಹೋಗಿದ್ದ ಹೊತ್ತಲ್ಲಿ, ಅವಳು ಮುದುಕನನ್ನು ಕೇಳಿದಳು: "ಆ ಹಿಕರಿ ಮರಾನ ವೆಂಡೆಲ್ ಒಬ್ನೇ ಹುಡುಕೋಕೆ ಆಗ್ತಿತ್ತಾ?"

ಆರ್ವಿಡ್ ಜೋರಾಗಿ ನಕ್ಕ. "ವೆಂಡೆಲ್ಲಾ? ಮರಕ್ಕೆ ಹೆಸರು ಬರೆದು ದೀಪ ಹಚ್ಚಿಟ್ರೂ ಆಗ್ತಿರಲಿಲ್ಲ."

ನವೆಂಬರ್ 24, ಸೋಮವಾರ, ಮಧ್ಯಾಹ್ನ 2.30. ಗೇಲನ್‌ಗೆ ಮಾತಾಡುವಷ್ಟು ಎಚ್ಚರ ಬಂದಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಕುತ್ತಿಗೆ ಅಲುಗದಂತೆ ಕಟ್ಟಿದ್ದರು. ಚಾವಣಿ ನೋಡುತ್ತಲೇ ಮಾತಾಡಿದ.

"ಅಟ್ಟಣೆ ಕಟ್ಟಿದ್ದು ಯಾವಾಗ?"

"ಬುಧವಾರ ಸಂಜೆ, ಗಾಳಿ ತಿರುಗುತ್ತೆ ಅಂತ ಗೊತ್ತಾದ ತಕ್ಷಣ. ಹತ್ತಿ ಕೂತು ನೋಡಿದ್ದೆ. ಪಟ್ಟಿ ಹೊಸದು."

"ಯಾರಿಗೆ ಹೇಳಿದ್ದೆ?"

"ಯಾರಿಗೂ ಇಲ್ಲ. ಕೊರೀನ್‌ಗೂ ಇಲ್ಲ."

"ಯಾಕೆ?"

"ಹೇಳಿದ್ರೆ ಅದು ಮಾವನ ಕಿವಿಗೆ ಬೀಳ್ತಿತ್ತು. 'ಈ ಸಲ ಅಲ್ಲಿ ವೆಂಡೆಲ್ ಕೂರ್ಲಿ ಬಿಡಪ್ಪ' ಅಂದ್ರೆ ಇಲ್ಲ ಅನ್ನೋಕೆ ಆಗ್ತಿರಲಿಲ್ಲ. ಅದು ಅವರ ಜಮೀನು, ಅವನು ಅವರ ಮಗ. ನಾನು ಒಂಬತ್ತು ವರ್ಷದಿಂದ ಅಲ್ಲಿ ನೆಂಟ. ಒಳ್ಳೇ ಮರ ತೋರಿಸೋತನಕ ಮಾತ್ರ ನನಗೆ ಬೆಲೆ." ಕಣ್ಣಿನ ಮೂಲೆಯಿಂದ ನೀರು ಕಿವಿಗೆ ಇಳಿಯಿತು. "ಯಾರು ಮಾಡಿದ್ದು ಮಾರ್ಲಿಸ್?"

"ಇನ್ನೂ ಗೊತ್ತಿಲ್ಲ," ಎಂದಳು. ಅದು ಪೂರ್ತಿ ನಿಜವಾಗಿರಲಿಲ್ಲ.

ಅಂದೇ ನ್ಯಾಯಾಧೀಶರಿಂದ ಶೋಧನಾ ವಾರಂಟ್ ಪಡೆದು ಸಂಜೆ 4.40ಕ್ಕೆ ಕ್ವಾಮ್ ಕೊಟ್ಟಿಗೆ ಶೋಧಿಸಿದರು. ವೆಂಡೆಲ್‌ನ ಬೂಟಿನ ಅಡಿ ಹಳ್ಳದ ಅಚ್ಚಿಗೆ ಹೊಂದಿತು. ಅವನ ಮಡಚುವ ಚಾಕುವಿನ ಸಂದಿಯಲ್ಲಿ ಹಸಿರು ಎಳೆಯೊಂದು ಸಿಕ್ಕಿಕೊಂಡಿತ್ತು. ಎರಡನ್ನೂ ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು.

ಆದರೂ ಮೌವಾಗೆ ಸಮಾಧಾನವಿಲ್ಲ. "ಬೂಟು ಅವರದೇ ಜಮೀನಲ್ಲಿ ಸಿಕ್ಕಿದೆ, ಎಳೆ ಯಾವ ಪಟ್ಟೀದಾದ್ರೂ ಇರಬಹುದು ಅಂತಾನೆ ವಕೀಲ. ಗೇಲನ್ ಆ ಮರದಲ್ಲಿದ್ದಾನೆ ಅನ್ನೋದು ವೆಂಡೆಲ್‌ಗೆ ಹೇಗೆ ಗೊತ್ತು? ಅದೊಂದು ಸೇರಿಲ್ಲ."

"ಅದನ್ನ ಅವನೇ ಹೇಳ್ಬೇಕು," ಎಂದಳು ಮಾರ್ಲಿಸ್. "ಹೇಳೋಕೆ ಅವನಿಗೆ ಆಸೆ ಇದೆ ಅಂತ ನನಗನ್ಸುತ್ತೆ."

ನವೆಂಬರ್ 25, ಮಂಗಳವಾರ, ಮಧ್ಯಾಹ್ನ 2.10. ವಿಚಾರಣಾ ಕೊಠಡಿ. ಮೌನವಾಗಿರುವ ಹಕ್ಕು, ವಕೀಲರನ್ನು ಕರೆಸುವ ಹಕ್ಕು, ಎಲ್ಲವನ್ನೂ ಓದಿ ಹೇಳಿದರು. ವಕೀಲರು ಬೇಡವೆಂದು ವೆಂಡೆಲ್ ಸಹಿ ಹಾಕಿದ.

"ಶುಕ್ರವಾರ ಎಲ್ಲಿದ್ದೆ?"

"ಮನೇಲಿ. ಹೊಲದಲ್ಲಿ."

"ಹಳ್ಳದಲ್ಲಿ ನಿನ್ನ ಬೂಟಿನ ಗುರುತಿದೆ."

"ನಮ್ಮ ಹಳ್ಳ. ವರ್ಷಪೂರ್ತಿ ಓಡಾಡ್ತೀನಿ."

"ಗೇಲನ್ ಮರ ಬದಲಾಯಿಸಿದ್ದು ಯಾವಾಗ ಗೊತ್ತಾಯ್ತು?"

"ಅವನು ಬಿದ್ದ ಮೇಲೆ."

ಮಾರ್ಲಿಸ್ ಕಡತ ಮುಚ್ಚಿದಳು.

"ನಾನೂ ಹಾಗೇ ಬರ್ಕೊಂಡಿದೀನಿ ವೆಂಡೆಲ್. ಆ ಮರ ಸಾಮಾನ್ಯದ್ದಲ್ಲ. ಗಾಳಿ ಲೆಕ್ಕ ಹಾಕ್ಬೇಕು, ಸೂರ್ಯ ಲೆಕ್ಕ ಹಾಕ್ಬೇಕು. ನಿನ್ನ ಕೈಲಾಗೋ ಕೆಲಸ ಅಲ್ಲ. ನಿಮ್ಮಪ್ಪಾನೂ ಅದನ್ನೇ ಅಂದ್ರು."

"ಏನಂದ?"

"ಮರಕ್ಕೆ ಹೆಸರು ಬರೆದು ದೀಪ ಹಚ್ಚಿಟ್ರೂ ನಿನಗೆ ಸಿಕ್ತಿರಲಿಲ್ಲ ಅಂತ."

ವೆಂಡೆಲ್ ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿದ.

"ಅಂದ್ರೆ ಯಾರೋ ನಿನಗೆ ತೋರಿಸಿರ್ಬೇಕು," ಮಾರ್ಲಿಸ್ ಮುಂದುವರಿಸಿದಳು. "ಗೇಲನ್‌ನ ಹಿಂದೆ ಹೋಗಿ ನೋಡೋಕೆ ಸಾಧ್ಯ ಇದ್ದಿದ್ದು ಒಬ್ಬಳಿಗೇ. ಅವನ ಹೆಂಡತಿ. ಕೊರೀನ್‌ನ ಈಗ ಕರೆಸ್ತೀನಿ."

"ಕೊರೀನ್ ತಂಟೆಗೆ ಹೋಗ್ಬೇಡ."

"ಇನ್ಯಾರು ಹೇಳಿದ್ದು ಮತ್ತೆ?"

"ಯಾರೂ ಹೇಳಲಿಲ್ಲ!" ಅವನು ಎದ್ದೇ ನಿಂತ. ಮೂಲೆಯಲ್ಲಿದ್ದ ಮೌವಾ ಒಂದು ಹೆಜ್ಜೆ ಮುಂದೆ ಬಂದ. "ಯಾರೂ ತೋರಿಸ್ಲಿಲ್ಲ. ನಾನೇ ಹುಡುಕಿದ್ದು. ಪೆನ್ನು ಕೊಡು ಇಲ್ಲಿ."

ಮಾರ್ಲಿಸ್ ಪೆನ್ನು, ಕಾಗದ ಕೊಟ್ಟಳು. ವೆಂಡೆಲ್ ಕೂತು ಗೆರೆ ಎಳೆಯತೊಡಗಿದ. ಎರಡು ಗುಡ್ಡ, ನಡುವಿನ ತಗ್ಗು, ಹಳ್ಳ, ಜಾಡು.

"ಗುರುವಾರ ರೇಡಿಯೋದಲ್ಲಿ ಹೇಳಿದ್ರು, ಶನಿವಾರ ಗಾಳಿ ತಿರುಗಿ ಆಗ್ನೇಯದಿಂದ ಬೀಸುತ್ತೆ ಅಂತ. ರಾತ್ರಿ ಪೂರ್ತಿ ಅದನ್ನೇ ಯೋಚ್ನೆ ಮಾಡ್ದೆ. ಓಕ್ ಕೆಲಸಕ್ಕೆ ಬರಲ್ಲ. ಈ ಕಡೆ ಬರ್ಬೇಕು. ಬಂದ್ರೆ ಬಿಸಿಲು ಹೊಡೆಯುತ್ತೆ. ಪೈನ್ ಹಿಂದಿನ ಹಿಕರಿ, ಕವಲಿರೋದು. ಹಾಸಿಗೇಲಿ ಮಲಗಿದ್ದೋನಿಗೆ ಆ ಮರ ಕಣ್ಮುಂದೆ ಬಂದು ನಿಲ್ತು ಮಾರ್ಲಿಸ್. ಐವತ್ನಾಲ್ಕು ವರ್ಷದಲ್ಲಿ ಮೊದಲ್ನೇ ಸಲ, ಯಾರ್ನೂ ಕೇಳ್ದೆ, ಇದೇ ಜಾಗ ಅಂತ ನನಗೆ ಗೊತ್ತಾಯ್ತು." ಅವನ ಮುಖ ಬೆಳಗಿತ್ತು. ತಾನು ಎಲ್ಲಿ ಕೂತಿದ್ದೇನೆಂಬುದನ್ನೇ ಮರೆತವನಂತಿದ್ದ. "ಶುಕ್ರವಾರ ಮಧ್ಯಾಹ್ನ ಅಪ್ಪಂಗೂ ಹೇಳದೇನೇ ನನ್ನ ಅಟ್ಟಣೆ ಬಿಚ್ಚಿ ಬೆನ್ನಿಗೆ ಹಾಕ್ಕೊಂಡು ಹಳ್ಳದಲ್ಲೇ ನಡೆದೆ."

ಮಾರ್ಲಿಸ್ ಮೌವಾನ ಕಡೆ ನೋಡಿದಳು. ಕೆಸರಿನಲ್ಲಿದ್ದ ಚೌಕ ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಭಾವನ ಅಟ್ಟಣೆಯನ್ನು ಹುಡುಕಿಕೊಂಡು ಬಂದವನ ಗುರುತಲ್ಲ ಅದು; ತನ್ನ ಅಟ್ಟಣೆಯನ್ನು ಹೊತ್ತು ತಂದು ಉಸಿರು ತೆಗೆದುಕೊಳ್ಳಲು ಇಳಿಸಿಟ್ಟವನದು.

"ಆಮೇಲೆ?"

"ಹತ್ತಿ ನೋಡಿದ್ರೆ..." ವೆಂಡೆಲ್‌ನ ಮುಖ ಆರಿತು. "ಅವನದು ಅಲ್ಲಿ ಕೂತಿತ್ತು. ನನ್ನ ಮರದ ಮೇಲೆ. ಅದೇ ಕವಲು, ಅದೇ ಎತ್ತರ. ಗುರುವಾರದ ಹಿಮ ಅದರ ಮೇಲಿತ್ತು, ಎರಡು ದಿನ ಮೊದ್ಲೇ ಬಂದು ಕೂತ್ಬಿಟ್ಟಿತ್ತು. ಇನ್ನು ನಾನು ಏನು ಹೇಳಿದ್ರೂ ಯಾರು ನಂಬ್ತಾರೆ? 'ಗೇಲನ್‌ದು ನೋಡ್ಕೊಂಡು ಬಂದ' ಅಂತಾರೆ. ಅಪ್ಪ ಊಟಕ್ಕೆ ಕೂತಾಗೆಲ್ಲ ಹೇಳಿ ನಗ್ತಾನೆ."

"ಚಾಕು ಯಾವಾಗ ತೆಗೆದೆ?"

"ಗೊತ್ತಿಲ್ಲ. ಕೈಲಿತ್ತು. ಪೂರ್ತಿ ಕತ್ತರಿಸ್ಲಿಲ್ಲ."

"ಪೂರ್ತಿ ಕತ್ತರಿಸಿದ್ರೆ ಅಟ್ಟಣೆ ಅವತ್ತೇ ಜೋತು ಬೀಳ್ತಿತ್ತು. ಗೇಲನ್ ಇವತ್ತು ನಡೆದಾಡ್ತಿದ್ದ."

ಅವನು ನಕ್ಷೆಯಲ್ಲಿದ್ದ ಹಿಕರಿಯ ಗುರುತನ್ನು ಪೆನ್ನಿನಿಂದ ಮತ್ತೆ ತಿದ್ದಿದ.

"ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಬೆಳಗ್ಗೆತನಕ ಹದಿನೈದು ಗಂಟೆ, ವೆಂಡೆಲ್. ಒಂದು ಫೋನ್ ಮಾಡ್ಬಹುದಿತ್ತು."

"ಮಾಡೋಕೆ ಹೋದೆ. ನಾಲ್ಕು ಗಂಟೆಗೆ ಎದ್ದು ಫೋನ್ ಕೈಗೆತ್ಕೊಂಡೆ. ಅಪ್ಪ ಒಳಗಿಂದ ಕೂಗಿದ, 'ಗೇಲನ್ ಹೊರಟ್ನಾ ಕೇಳು, ಅವನಿಗೆ ಈ ಸಲ ದೊಡ್ಡದೇ ಸಿಗುತ್ತೆ' ಅಂತ." ಅವನು ಪೆನ್ನನ್ನು ಕಾಗದದ ಪಕ್ಕ ನೆಟ್ಟಗೆ ಇಟ್ಟ. "ಫೋನ್ ಕೆಳಗಿಟ್ಟೆ."

ಸಂಜೆ 4.15ಕ್ಕೆ ವೆಂಡೆಲ್ ಕ್ವಾಮ್‌ನನ್ನು ಕೊಲೆ ಯತ್ನದ ಆರೋಪದ ಮೇಲೆ ಬಂಧಿಸಲಾಯಿತು. ಅವನು ಬರೆದ ನಕ್ಷೆಗೆ ಅವನದೇ ಸಹಿ ಹಾಕಿಸಿ ಕಡತಕ್ಕೆ ಸೇರಿಸಿದರು. ಬೇಡಿ ತೊಡಿಸುವಾಗ ವೆಂಡೆಲ್ ಮೌವಾನ ಕಡೆ ತಿರುಗಿದ.

"ನೀನು ಬೇಟೆಗಾರ ಅಲ್ವಾ? ಆ ಮರ ಸರಿ ಇತ್ತಾ?"

ಮೌವಾ ಬೇಡಿಯ ಬೀಗ ಹಾಕಿ ಮುಗಿಸಿದ. "ಅದಕ್ಕಿಂತ ಒಳ್ಳೇ ಮರ ಆ ಗುಡ್ಡದಲ್ಲಿ ಇಲ್ಲ," ಎಂದ.

ನವೆಂಬರ್ 26, ಬುಧವಾರ ಬೆಳಗ್ಗೆ ಮಾರ್ಲಿಸ್ ಕ್ವಾಮ್ ಮನೆಗೆ ಹೋದಳು. ಬಂಧನದ ಕಾಗದವನ್ನು ಮನೆಯವರಿಗೆ ಕೊಡಬೇಕಿತ್ತು. ಕೊರೀನ್ ಆಸ್ಪತ್ರೆಗೆ ಒಯ್ಯಲು ಡಬ್ಬಿಗೆ ಸೂಪು ತುಂಬುತ್ತಿದ್ದಳು. ಆರ್ವಿಡ್ ಕಾಗದವನ್ನು ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡ, ಓದಲಿಲ್ಲ. ಕೇಳಿದ:

"ಆ ಮರ ಅವನಿಗೆ ತೋರಿಸಿದ್ದು ಯಾರು?"

"ಯಾರೂ ಅಲ್ಲ. ಅವನೇ ಹುಡುಕಿದ್ದು."

"ವೆಂಡೆಲ್ಲಾ?"

"ವೆಂಡೆಲ್."

ಮುದುಕ ಕಿಟಕಿಯಾಚೆಯ ಗುಡ್ಡದ ಕಡೆ ನೋಡಿದ. ಗಾಳಿ, ಇಳಿಜಾರು, ಪೈನ್ ಮರ, ಎಲ್ಲವನ್ನೂ ಮನಸ್ಸಿನಲ್ಲೇ ಒಂದೊಂದಾಗಿ ಜೋಡಿಸಿ ನೋಡುತ್ತಿದ್ದಾನೆಂದು ಮಾರ್ಲಿಸ್‌ಗೆ ತೋರಿತು. ಅವನ ತುಟಿ ಅಲುಗಿತು.

"ಬಂದು ಹೇಳ್ಬಹುದಿತ್ತಲ್ಲ ನನಗೆ."

ಕೊರೀನ್ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. "ಹೇಳಿದ್ರೆ ಏನಂತಿದ್ದೆ ಅಪ್ಪಾ?"

ಆರ್ವಿಡ್ ತೊಡೆಯ ಮೇಲಿದ್ದ ಕಾಗದವನ್ನು ಬಿಡಿಸಿ ಓದತೊಡಗಿದ.

ಕಚೇರಿಗೆ ಮರಳಿ ಮಾರ್ಲಿಸ್ ಅಂತಿಮ ವರದಿಗೆ ಕೂತಳು. ಕೃತ್ಯಕ್ಕೆ ಕಾರಣ ಎಂಬಲ್ಲಿ 'ಅಸೂಯೆ' ಎಂದು ಬರೆದಳು. ಸ್ವಲ್ಪ ಹೊತ್ತು ಆ ಪದವನ್ನೇ ನೋಡಿ, ಅದರ ಮುಂದೆ ಇನ್ನೊಂದು ಸಾಲು ಸೇರಿಸಿದಳು: 'ಆರೋಪಿಯು ಗಾಯಾಳುವಿಗೆ ಹಾನಿ ಮಾಡಲು ಆ ಸ್ಥಳಕ್ಕೆ ಹೋಗಿರಲಿಲ್ಲ. ಜಾಗವನ್ನು ತಾನೇ ಸರಿಯಾಗಿ ಆರಿಸಿದ್ದನು.' ನ್ಯಾಯಾಲಯಕ್ಕೆ ಆ ಎರಡನೆಯ ವಾಕ್ಯದ ಅಗತ್ಯವಿರಲಿಲ್ಲ. ಅವಳು ಅದನ್ನು ಹೊಡೆದು ಹಾಕದೆ ಕೆಳಗೆ ಸಹಿ ಹಾಕಿದಳು.